ಸಂಘಗಳಲ್ಲಿ ವಯಸ್ಸಿನ ಗೋಡೆ ಬೇಡ

ಮಾನ್ಯ ಸಂಪಾದಕರೇ,

ಮುಂಬಯಿಯ ವರಳಿಯಲ್ಲಿರುವ, ಬ್ರಿಟಿಷರ ಕಾಲದ ಬಿಡಿಡಿ ಚಾಳುಗಳ (ಸಾಲುಸಾಲು ಒಂಟಿ ಕೋಣೆಗಳ ವಸತಿ ಕಟ್ಟಡಗಳ) 160 ಚದರಡಿಯ ಕೋಣೆಗಳಲ್ಲಿ ಬಾಳಿದ ಕುಟುಂಬಗಳಿಗೆ 2025ರಿಂದ 500 ಚದರಡಿಯ ಮನೆಗಳು ಸಿಗುತ್ತಿರುವುದು ಸಂತೋಷದ ವಿಷಯ. ಆದರೆ ಚಾಳಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ಕುಳಿತ ಅಜ್ಜಿಗೂ ಅಲ್ಲೇ ಪಾಠ ಓದುತ್ತಿದ್ದ ಪಕ್ಕದ ಮನೆಯ ಹುಡುಗನಿಗೂ ಯಾರೂ ಏರ್ಪಡಿಸದೆ ಬೆಳೆಯುತ್ತಿದ್ದ ಸ್ನೇಹಕ್ಕೆ, ಲಿಫ್ಟಿನಿಂದ ಇಳಿದವರೆಲ್ಲ ನೇರವಾಗಿ ಬಾಗಿಲು ಮುಚ್ಚಿಕೊಳ್ಳುವ ಬಹುಮಹಡಿ ಕಟ್ಟಡಗಳಲ್ಲಿ ಎಡೆಯಿಲ್ಲ. ಆ ಎಡೆಯನ್ನು ಒದಗಿಸಲು ಮುಂಬಯಿಯ ಬಡಾವಣೆಗಳಲ್ಲಿರುವ ನಮ್ಮ ಕನ್ನಡ ಸಂಘಗಳು ಮುಂದಾಗಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಅನೇಕ ಸಂಘಗಳಲ್ಲಿ ಯುವ ವಿಭಾಗದ ಚಟುವಟಿಕೆಗಳೇ ಬೇರೆ. ಹಿರಿಯರಿಗೆ ವಾರ್ಷಿಕೋತ್ಸವದಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಲಾಗುತ್ತದೆ. ಗೌರವವೇನೋ ಸಲ್ಲುತ್ತದೆ, ಒಡನಾಟ ಹುಟ್ಟುವುದಿಲ್ಲ. ಹಿಂದೆ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ, ಹೋಟೆಲುಗಳಲ್ಲಿ ದುಡಿದು ಬಂದ ಹುಡುಗರಿಗೆ ಹಗಲೆಲ್ಲ ಬೇರೆಡೆ ನೌಕರಿ ಮಾಡಿ ಬಂದ ಹಿರಿಯರು ಪಾಠ ಹೇಳುತ್ತಿದ್ದರು. ಜೊತೆಯಾಗಿ ಮಾಡುವ ಕೆಲಸವೊಂದಿದ್ದರೆ ವಯಸ್ಸಿನ ಅಂತರ ತಾನಾಗಿಯೇ ಕರಗುತ್ತದೆ.

ಅಂಥ ಕೆಲಸಕ್ಕೆ ಇಂದೂ ಕೊರತೆಯಿಲ್ಲ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಮಾತನಾಡುವ ನಮ್ಮ ಎಷ್ಟೋ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುವುದರಿಂದ ಕನ್ನಡ ಅಕ್ಷರಗಳನ್ನೇ ಅರಿಯರು. ಇತ್ತ ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿರುವುದನ್ನು ದೃಢಪಡಿಸುವ ಜೀವನ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನಲ್ಲಿ ಸಾಲುಗಟ್ಟುತ್ತಾರೆ; ಮೊಬೈಲಿಗೆ ಮುಖ ತೋರಿಸಿ ಮನೆಯಿಂದಲೇ ಅದನ್ನು ಸಲ್ಲಿಸುವ ವ್ಯವಸ್ಥೆಯಿದ್ದರೂ ಬಹಳ ಮಂದಿಗೆ ಅದನ್ನು ಬಳಸಲು ಧೈರ್ಯ ಸಾಲದು. ವಾರಕ್ಕೊಂದು ಸಂಜೆ ಹಿರಿಯರು ಮಕ್ಕಳಿಗೆ ಕನ್ನಡ ಓದಲು ಕಲಿಸಲಿ, ಮಕ್ಕಳು ಹಿರಿಯರಿಗೆ ಮೊಬೈಲ್ ಕಲಿಸಲಿ. ಇದು ಕೇವಲ ವೃದ್ಧರ ಸೇವೆಯೆಂದು ಯಾರೂ ಭಾವಿಸಬಾರದು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ, ಮತ್ತು ಹದಿಹರೆಯದವರು ಹಾಗೂ ಯುವಜನರಲ್ಲಿ ಅದು ವ್ಯಾಪಕವಾಗಿದೆ. ತಂದೆತಾಯಿಯೊಡನೆ ಹೇಳಿಕೊಳ್ಳಲಾಗದ ಪರೀಕ್ಷೆಯ ಭಯವನ್ನೋ ಕೆಲಸದ ಚಿಂತೆಯನ್ನೋ ಮಕ್ಕಳು ಎಷ್ಟೋ ಸಲ ನೆರೆಮನೆಯ ಅಜ್ಜನೆದುರು ಹೇಳಿಯಾರು. ತೀರ್ಪು ಕೊಡುವ ಅವಸರವಿಲ್ಲದ ಕಿವಿ ಎಲ್ಲ ಮನೆಗಳಲ್ಲೂ ಇರುವುದಿಲ್ಲ.

ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಈ ಕೂಟಗಳು ಪೋಷಕರಿಗೆ ತಿಳಿದಂತೆ, ಸಂಘದ ಅಥವಾ ವಸತಿ ಸೊಸೈಟಿಯ ಸಭಾಂಗಣದಲ್ಲಿಯೇ ನಡೆಯಬೇಕು. ಪದಾಧಿಕಾರಿಗಳು ಮುಂದಿನ ಮಹಾಸಭೆಯಲ್ಲಿ ಇದನ್ನು ಚರ್ಚೆಗೆ ಎತ್ತಿಕೊಂಡು, ಜವಾಬ್ದಾರಿಯನ್ನು ಒಬ್ಬ ಹಿರಿಯರಿಗೂ ಒಬ್ಬ ಯುವ ಸದಸ್ಯರಿಗೂ ಜಂಟಿಯಾಗಿ ವಹಿಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

– ಓದುಗ, ಡೊಂಬಿವಲಿ