ಕಣ್ಣಿಗೆ ಬೆರಳು ಬಿದ್ದ ಮೇಲೂ ಬರೀ ಬುದ್ಧಿಮಾತೇ?

ಮಾನ್ಯ ಸಂಪಾದಕರೇ,

ಅಬುಧಾಬಿಯಲ್ಲಿ 2025ರ ಅಕ್ಟೋಬರ್ 25ರಂದು ಯುಎಫ್‌ಸಿ (ಎಂಎಂಎ ಎಂಬ ಮಿಶ್ರ ಸಮರಕಲೆಯ ಕಾಳಗಗಳನ್ನು ನಡೆಸುವ ಅಮೆರಿಕದ ಕಂಪನಿ) ಹೆವಿವೇಟ್ ಪಟ್ಟಕ್ಕಾಗಿ ನಡೆದ ಟಾಮ್ ಆಸ್ಪಿನಲ್–ಸಿರಿಲ್ ಗಾನ್ ಕಾಳಗ ಮೊದಲ ರೌಂಡನ್ನೂ ದಾಟಲಿಲ್ಲ. ಗಾನ್ ಅವರ ಬೆರಳು ಕಣ್ಣಿಗೆ ಹೊಕ್ಕಿತು, ಕಣ್ಣು ಕಾಣಿಸುತ್ತಿಲ್ಲ ಎಂದು ಆಸ್ಪಿನಲ್ ಹೇಳಿದರು, 'ನೋ ಕಾಂಟೆಸ್ಟ್' (ಯಾರಿಗೂ ಗೆಲುವಿಲ್ಲ, ಸೋಲಿಲ್ಲ) ಎಂದು ಘೋಷಿಸಿ ಕೈತೊಳೆದುಕೊಂಡದ್ದಾಯಿತು. ಕೂತು ನೋಡುತ್ತಿದ್ದವರು ಪೆಟ್ಟು ತಿಂದವರನ್ನೇ ಹೀಯಾಳಿಸಿದರು. ಅವರನ್ನು ಬೈದು ಫಲವಿಲ್ಲ. ಈ ಫೌಲ್ ಏನೋ ಆಗಿಹೋಗುವ ಸಂಗತಿ ಎಂಬ ಭಾವನೆಯನ್ನು ಆಟ ನಡೆಸುವವರೇ ವರ್ಷಗಟ್ಟಲೆ ಬೆಳೆಸಿದ್ದಾರೆ.

ಅದು ಸುಮ್ಮನೆ ಆಗಿಹೋಗುವುದಲ್ಲ. ಎಂಎಂಎ ಗ್ಲೌಸ್‌ನಲ್ಲಿ ಬೆರಳುಗಳು ಹೊರಗಿರುತ್ತವೆ, ಗೆಣ್ಣಿನ ಮೇಲಿನ ದಪ್ಪ ಪದರ ಅಂಗೈಯನ್ನು ಚಪ್ಪಟೆಯಾಗಿ ಎಳೆಯುತ್ತದೆ. ಮುಷ್ಟಿ ಬಿಗಿಯಲು ಶ್ರಮ ಬೇಕು, ಸಡಿಲ ಬಿಟ್ಟರೆ ಕೈ ತಾನಾಗಿ ಬಿಚ್ಚಿಕೊಳ್ಳುತ್ತದೆ. ಉದ್ದ ತೋಳಿನವರು ಹಿಂದೆ ಸರಿಯುತ್ತ ಅಂತರ ಅಳೆಯಲು ಕೈ ಮುಂದೆ ಚಾಚುತ್ತಾರೆ, ಎದುರಾಳಿ ಅದೇ ಕ್ಷಣ ನುಗ್ಗುತ್ತಾರೆ, ಬೆರಳ ತುದಿ ನೇರ ಕಣ್ಣಿಗೆ. 2024ರ ಜೂನ್‌ನಲ್ಲಿ ಬೆರಳು ಸ್ವಲ್ಪ ಬಾಗುವಂಥ ಹೊಸ ಗ್ಲೌಸ್ ತಂದ ಯುಎಫ್‌ಸಿ, ಅದೇ ನವೆಂಬರ್‌ನಲ್ಲಿ ಹಳೆಯದಕ್ಕೇ ಮರಳಿತು. ತಿದ್ದಿ ಮತ್ತೊಂದು ಮಾಡುವಷ್ಟು ತಾಳ್ಮೆ ಇರಲಿಲ್ಲ.

ನಿಯಮ ಇಲ್ಲವೇ? ಇದೆ. ಕಣ್ಣಿಗೆ ಚುಚ್ಚುವುದಷ್ಟೇ ಅಲ್ಲ, ಎದುರಾಳಿಯ ಮುಖದತ್ತ ಬೆರಳು ಚಾಚಿ ಹಿಡಿಯುವುದೂ ಫೌಲೇ. ಮುಷ್ಟಿ ಮುಚ್ಚಿರಬೇಕು, ಇಲ್ಲವೇ ಬೆರಳು ಮೇಲ್ಮುಖವಾಗಿರಬೇಕು. ಆದರೆ ರೆಫರಿ ಮೊದಲ ಸಲ ಗದರುತ್ತಾರೆ, ಎರಡನೇ ಸಲವೂ ಗದರುತ್ತಾರೆ. ಕಾರಣ ಅಂಕಗಣಿತದಲ್ಲಿದೆ. ಮೂರು ರೌಂಡ್‌ಗಳ ಪಂದ್ಯದಲ್ಲಿ ಒಂದು ಅಂಕ ಕಳೆದರೆ ಜಡ್ಜ್‌ಗಳ ಅಂಕಪಟ್ಟಿಯಲ್ಲಿ 29–28ರ ಗೆಲುವು 28–28ರ ಡ್ರಾ ಆಗಿಬಿಡುತ್ತದೆ. ಆ ಭಾರ ಹೊರಲು ರೆಫರಿಗೆ ಅಂಜಿಕೆ. ಇನ್ನು, ಬೇಕೆಂದು ಮಾಡಿದ್ದಲ್ಲ ಎಂದಾದರೆ, ಮೂರರಲ್ಲಿ ಎರಡು ಅಥವಾ ಐದರಲ್ಲಿ ಮೂರು ರೌಂಡ್ ಮುಗಿಯುವ ಮೊದಲು ನಿಂತ ಪಂದ್ಯ ನೋ ಕಾಂಟೆಸ್ಟ್. ಬೆರಳು ಚಾಚಿದವರ ದಾಖಲೆಗೆ ಸೋಲೂ ಅಂಟುವುದಿಲ್ಲ. 2021ರ ಮಾರ್ಚ್‌ನಲ್ಲಿ ಪೀಟರ್ ಯಾನ್ ನೆಲದಲ್ಲಿದ್ದ ಆಲ್ಜಮೇನ್ ಸ್ಟರ್ಲಿಂಗ್‌ಗೆ ಮೊಣಕಾಲಿನಿಂದ ಹೊಡೆದಾಗ (ಅದೂ ಫೌಲೇ) ಅನರ್ಹತೆಯಾಗಿ ಚಾಂಪಿಯನ್ ಬೆಲ್ಟೇ ಕೈಬದಲಾಯಿತು. ಮೊಣಕಾಲಿಗೆ ಇರುವ ಧೈರ್ಯ ಬೆರಳಿಗೇಕಿಲ್ಲ?

ಇದರ ಬಿಸಿ ತಟ್ಟುವುದು ಫೈಟರ್‌ಗಳ ಜೇಬಿಗೆ. ಕೆಳಹಂತದ ಒಪ್ಪಂದಗಳಲ್ಲಿ ಕಣಕ್ಕಿಳಿದದ್ದಕ್ಕೆ ಒಂದು ಮೊತ್ತ, ಗೆದ್ದರೆ ಅಷ್ಟೇ ಇನ್ನೊಂದು ಮೊತ್ತ. ಉದಾಹರಣೆಗೆ 10 ಸಾವಿರ ಡಾಲರ್, ಗೆದ್ದರೆ ಮತ್ತೆ 10 ಸಾವಿರ. ಅದರಲ್ಲೇ ಕೋಚ್, ಜಿಮ್, ತೆರಿಗೆ. ಗೆಲುವಲ್ಲದ್ದಕ್ಕೆ ಎರಡನೇ ಮೊತ್ತದ ಮೇಲೆ ಹಕ್ಕಿಲ್ಲ. ಅಂದರೆ ಒಬ್ಬ ಜಡ್ಜ್ ಒಂದು ರೌಂಡನ್ನು ತಪ್ಪಾಗಿ ಬರೆದರೂ ಅರ್ಧ ಸಂಬಳ ಹೋಯಿತು. ಪರಿಣಾಮಕಾರಿ ಹೊಡೆತ ಮತ್ತು ಕುಸ್ತಿ ಮೊದಲು, ಅದು ಸಮನಿದ್ದರೆ ಮಾತ್ರ ಆಕ್ರಮಣಶೀಲತೆ, ಕೊನೆಗೆ ಕೇಜಿನ (ಜಾಲರಿ ಕಣದ) ಮೇಲಿನ ಹಿಡಿತ ಎಂದು ಮಾನದಂಡ ಸ್ಪಷ್ಟವಾಗಿದ್ದರೂ, ಏಟೇ ಇಲ್ಲದ ಟೇಕ್‌ಡೌನ್‌ಗೆ (ಎದುರಾಳಿಯನ್ನು ನೆಲಕ್ಕೆ ಕೆಡಹುವುದಕ್ಕೆ) ರೌಂಡ್ ಕೊಡುವ ಚಾಳಿ ಹೋಗಿಲ್ಲ. 2020ರಲ್ಲಿ ಹ್ಯೂಸ್ಟನ್‌ನಲ್ಲಿ ಜಾನ್ ಜೋನ್ಸ್–ಡಾಮಿನಿಕ್ ರೇಯೆಸ್‌ರ ಐದು ರೌಂಡ್‌ಗಳ ಪಂದ್ಯಕ್ಕೆ ಒಬ್ಬ ಜಡ್ಜ್ ಜೋನ್ಸ್ ಪರ ಕೊಟ್ಟ 49–46 ಇಂದಿಗೂ ಗಂಟಲಲ್ಲಿ ಇಳಿಯದು. ಮೊದಲ ಮೂರೂ ರೌಂಡ್ ರೇಯೆಸ್ ಅವರದೆಂದು ಬಹಳ ಮಂದಿ ಲೆಕ್ಕ ಹಾಕಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಅಮೆರಿಕದಲ್ಲಿ ಜಡ್ಜ್‌ಗಳನ್ನು ನೇಮಿಸುವುದು ರಾಜ್ಯಗಳ ಅಥ್ಲೆಟಿಕ್ ಕಮಿಷನ್, ಯುಎಫ್‌ಸಿ ಅಲ್ಲ. ಆದರೆ ಅರ್ಧ ಸಂಬಳವನ್ನು ಆ ಅಂಕಪಟ್ಟಿಗೆ ಕಟ್ಟಿಹಾಕಿದ್ದು ಕಂಪನಿಯೇ.

ಫೈಟರ್‌ಗಳಿಗೆ ಯೂನಿಯನ್ ಇಲ್ಲ. ಕಡಿಮೆ ಸಂಬಳದ ದೂರು ಹೊತ್ತು ಕೋರ್ಟಿಗೆ ಹೋದವರು ಯುಎಫ್‌ಸಿ ವಿರುದ್ಧ 2014ರಲ್ಲಿ ಹೂಡಿದ ಮೊಕದ್ದಮೆಗೆ 37.5 ಕೋಟಿ ಡಾಲರ್ ರಾಜಿಯ ಅಂತಿಮ ಮುದ್ರೆ ಬಿದ್ದದ್ದು 2025ರ ಫೆಬ್ರುವರಿಯಲ್ಲಿ. ಪಂದ್ಯ ಏರ್ಪಡಿಸುವ ಪ್ರವರ್ತಕರು ತಮ್ಮ ಆದಾಯವನ್ನು ಬಾಕ್ಸರ್‌ಗೆ ತಿಳಿಸಲೇಬೇಕೆನ್ನುವ ಅಮೆರಿಕದ ಮುಹಮ್ಮದ್ ಅಲಿ ಕಾಯ್ದೆ 2000ದಲ್ಲೇ ಬಂದಿದೆ, ಆದರೆ ಅದು ಬಾಕ್ಸಿಂಗ್‌ಗೆ ಮಾತ್ರ. ಪಟ್ಟ ಕಟ್ಟುವವರೂ, ಪಟ್ಟಕ್ಕೆ ಯಾರು ಹೊಡೆದಾಡಬೇಕೆಂದು ಗೊತ್ತುಮಾಡುವವರೂ, ಟಿವಿ ಹಕ್ಕು ಮಾರುವವರೂ ಒಬ್ಬರೇ ಆದಾಗ ಹೀಗಾಗದೆ ಇನ್ನೇನು?

ಸಂಬಳದ ಗಂಟು ಬಿಡಿಸಲು ಕಾಯ್ದೆಯೇ ಬೇಕಾದೀತು. ಬೆರಳಿಗೆ ಅದೂ ಬೇಡ. ಉದ್ದೇಶ ಏನೇ ಇರಲಿ, ಕಣ್ಣಿಗೆ ತಗುಲಿದ ಮೊದಲ ಸಲವೇ ಒಂದು ಅಂಕ ಕಳೆಯುವ ಅಧಿಕಾರ ರೆಫರಿಗೆ ಈಗಲೇ ಇದೆ. ಮುಂದಿನ ಕಾರ್ಡಿನ (ಒಂದು ದಿನದ ಪಂದ್ಯಪಟ್ಟಿಯ) ಮೊದಲ ಪಂದ್ಯದಿಂದಲೇ ಅದನ್ನು ಬಳಸಲಿ.

– ಒಬ್ಬ ಎಂಎಂಎ ಅಭಿಮಾನಿ