ಅರ್ಧಕ್ಕೆ ನಿಂತ ಕತೆಗಳನ್ನು ಕೈಬಿಡದಿರೋಣ

ಮಾನ್ಯ ಸಂಪಾದಕರೇ,

ವಿಶೇಷಾಂಕಗಳ ಕಥಾಸ್ಪರ್ಧೆಗೆ ಆಹ್ವಾನ ಪ್ರಕಟವಾಗುವ ಹೊತ್ತಿಗೆ, ನಮ್ಮೂರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಬರಹಗಾರರಿಂದ ಪ್ರತಿ ವರ್ಷವೂ ಒಂದೇ ಮಾತು ಕೇಳಿಬರುತ್ತದೆ: ‘ಶುರು ಮಾಡಿದ್ದೆ, ಮುಂದೆ ಹೋಗುತ್ತಿಲ್ಲ.’ ಇದನ್ನೇ ಪ್ರತಿಭೆಯ ಕೊರತೆಯೆಂದು ತಿಳಿದು ಬರವಣಿಗೆಯನ್ನು ಬಿಟ್ಟವರನ್ನು, ಅದರಲ್ಲೂ ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಬರೆಯುತ್ತಿದ್ದ ಹೆಣ್ಣುಮಕ್ಕಳನ್ನು ಕಂಡು ನೊಂದು ಈ ಪತ್ರ ಬರೆಯುತ್ತಿದ್ದೇನೆ.

ಸ್ಫೂರ್ತಿ ಬತ್ತಿತು ಎನ್ನುವುದು ರೂಢಿ. ನಾನು ಕಂಡಂತೆ, ಮೊದಲ ಕರಡಿನಲ್ಲೇ ಅಚ್ಚಿಗೆ ಹೋಗುವಂಥ ವಾಕ್ಯ ಬರಬೇಕೆಂಬ ಹಟವೇ ಬಹಳ ಸಲ ಕೈಯನ್ನು ಕಟ್ಟಿಹಾಕುತ್ತದೆ. ನಮ್ಮ ಗುಂಪಿನ ಒಬ್ಬರ ಕತೆ ಅಣ್ಣತಮ್ಮಂದಿರು ಪಾಲಾಗುವ ದೃಶ್ಯದಲ್ಲಿ ನಿಂತುಬಿಟ್ಟಿತ್ತು. ಹಿರಿಯ ಮಗನ ಬಾಯಲ್ಲಿ ದೊಡ್ಡ ಮಾತೊಂದನ್ನು ಆಡಿಸಬೇಕೆಂದು ಅವರು ತಿಂಗಳುಗಟ್ಟಲೆ ಒದ್ದಾಡಿದ್ದರು. ಮಾತು ಹಾಗಿರಲಿ, ಪಾಲುಪಟ್ಟಿಯನ್ನಷ್ಟೇ ಬರೆಯಿರಿ ಎಂದು ಹಿರಿಯರೊಬ್ಬರು ಸೂಚಿಸಿದರು. ತಾಮ್ರದ ಹಂಡೆ ಯಾರಿಗೆ, ಒರಳುಕಲ್ಲು ಯಾರಿಗೆ, ಹಿತ್ತಿಲ ಹಲಸಿನ ಮರ ಯಾರಿಗೆ ಎಂದು ಬರೆಯುತ್ತ ಹೋದವರು, ತಾಯಿ ಯಾರ ಮನೆಯಲ್ಲಿರಬೇಕು ಎಂಬಲ್ಲಿಗೆ ಬಂದಾಗ, ಹಿರಿಯ ಮಗ ಏನೂ ಮಾತಾಡದೆ ಎದ್ದುಹೋದನೆಂದು ಬರೆದರು. ಕತೆ ಅಲ್ಲಿಂದ ಮುಂದುವರಿಯಿತು.

ತಡವಾಯಿತೆಂದು ಕೊರಗುವವರು ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರನ್ನು ನೆನೆಯಬೇಕು. ‘ಶ್ರೀ ರಾಮಾಯಣ ದರ್ಶನಂ’ ಅವರಿಂದ ಸುಮಾರು ಒಂಬತ್ತು ವರ್ಷಗಳ ದುಡಿಮೆಯನ್ನು ಬೇಡಿತು. 1936ರ ‘ಕಾನೂರು ಹೆಗ್ಗಡಿತಿ’ಗೂ 1967ರ ‘ಮಲೆಗಳಲ್ಲಿ ಮದುಮಗಳು’ಗೂ ನಡುವೆ ಮೂವತ್ತೊಂದು ವರ್ಷಗಳ ಅಂತರವಿದೆ, ಆದರೆ ಆ ಅವಧಿಯಲ್ಲಿ ಅವರ ಲೇಖನಿ ಸುಮ್ಮನಿರಲಿಲ್ಲ, ಕಾವ್ಯ, ನಾಟಕ, ವಿಮರ್ಶೆಗಳಲ್ಲಿ ಅದು ನಡೆದೇ ಇತ್ತು. ಒಂದು ಪ್ರಕಾರದಲ್ಲಿ ದಾರಿ ಕಾಣದವರು ಇನ್ನೊಂದರಲ್ಲಿ ಕೈ ಆಡಿಸುತ್ತಿರುವುದು ಒಳ್ಳೆಯದೆಂಬ ನನ್ನ ನಂಬಿಕೆಗೆ ಇದು ಬಲ ಕೊಟ್ಟಿದೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಹೊರಬಂದದ್ದು 1963ರಲ್ಲಿ, ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಚಿಕ್ಕ ವಯಸ್ಸಿನಲ್ಲೇ ಸಂಸಾರಕ್ಕೆ ಬಿದ್ದ ಆ ತಾಯಿ, ತನ್ನ ಕಾಲ ಮುಗಿಯಿತೆಂದು ಕೂತಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತು!

ಬರೆದದ್ದಕ್ಕಾಗಿ ಕಾಯುವವರೊಬ್ಬರು ಇದ್ದಾರೆಂಬ ಅರಿವು ಬರೆಯುವವರನ್ನು ಮತ್ತೆ ಮೇಜಿನ ಮುಂದೆ ಕೂರಿಸುತ್ತದೆ. ಹಿಂದೆ ವಾರಪತ್ರಿಕೆಗಳ ಧಾರಾವಾಹಿಗಳು ಆ ಕೆಲಸ ಮಾಡುತ್ತಿದ್ದವು. ಮುಂದಿನ ವಾರದ ಕಂತಿಗೆ ಓದುಗರು ಕಾಯುತ್ತಿದ್ದುದರಿಂದ ಲೇಖಕರು ಬರೆಯಲೇಬೇಕಿತ್ತು. ಇಂದು ಹೊಸಬರು ಪತ್ರಿಕೆಗೆ ಕತೆ ಕಳಿಸಿ, ಸ್ವೀಕೃತವೋ ತಿರಸ್ಕೃತವೋ ತಿಳಿಯದೆ ತಿಂಗಳುಗಟ್ಟಲೆ ಕಾದು, ಕೊನೆಗೆ ಸುಮ್ಮನಾಗುತ್ತಾರೆ. ಸಂಪಾದಕೀಯ ವಿಭಾಗದ ಕೆಲಸದ ಒತ್ತಡವನ್ನು ನಾನು ಬಲ್ಲೆ. ಆದರೂ ತಮ್ಮಲ್ಲಿ ನನ್ನ ವಿನಂತಿ ಇಷ್ಟು: ಒಪ್ಪಿಗೆಯಾಗದ ಕತೆಗೂ ಒಂದು ಸಾಲಿನ ಉತ್ತರ ಹೋಗಲಿ; ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ, ಹಿರಿಯ ಲೇಖಕರು ತಾವು ಬಿಟ್ಟು ಮತ್ತೆ ಕೈಗೆತ್ತಿಕೊಂಡ ಕರಡಿನ ಒಂದು ಪುಟವನ್ನು, ಹೊಡೆದುಹಾಕಿದ ಸಾಲುಗಳ ಸಮೇತ, ಓದುಗರಿಗೆ ತೋರಿಸುವಂತಾಗಲಿ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ