ಹ್ಯಾಂಡ್ ಬ್ರೇಕ್ ವೈರ್ ಮಾತ್ರ ಟೈಟ್ ಮಾಡಿಕೊಡುವುದು ಇನ್ನು ಇಲ್ಲ

ನಮ್ಮ ಎಲ್ಲಾ ಗಿರಾಕಿಗಳಿಗೆ ಶರಣಾರ್ಥಿ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಗ್ಯಾರೇಜಿನಲ್ಲಿ ಒಂದು ಕೆಲಸ ನಿಲ್ಲಿಸುತ್ತಿದ್ದೇವೆ. ಹಿಂದಿನ ಚಕ್ರದ ಡ್ರಮ್ ಬಿಚ್ಚದೆ ಹ್ಯಾಂಡ್ ಬ್ರೇಕ್ ವೈರ್ ಮಾತ್ರ ಟೈಟ್ ಮಾಡಿ ಕಳಿಸುವ ಕೆಲಸ ಅದು. ನೀವು ಚಹಾ ಕುಡಿದು ಬರುವಷ್ಟರಲ್ಲಿ ಗಾಡಿ ಕೈಗೆ ಸಿಗುತ್ತಿತ್ತು. ಖರ್ಚೂ ಕಡಿಮೆ. ಅದಕ್ಕೇ ಕೆಲವರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ಯಾಕೆ ನಿಲ್ಲಿಸುತ್ತಿದ್ದೇವೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ನಮ್ಮಲ್ಲಿಗೆ ಬರುವ ಹಳೆ ಚಿಕ್ಕ ಕಾರುಗಳಲ್ಲಿ, ಅಂದರೆ ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾಗಳಲ್ಲಿ, ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಹಳೆ ಅಂಬಾಸಿಡರ್‌ಗೆ ನಾಲ್ಕೂ ಚಕ್ರಕ್ಕೆ ಅದೇ. ಡ್ರಮ್ಮಿನ ಒಳಗೆ ಎರಡು ಬ್ರೇಕ್ ಶೂ ಇರುತ್ತವೆ, ಅಂದರೆ ಡ್ರಮ್ಮಿಗೆ ಒತ್ತಿಕೊಂಡು ಚಕ್ರ ನಿಲ್ಲಿಸುವ ಬಾಗಿದ ಪಟ್ಟಿಗಳು. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ವೀಲ್ ಸಿಲಿಂಡರ್‌ಗೆ ಹೋಗಿ ಆ ಶೂಗಳನ್ನು ಹೊರಗೆ ತಳ್ಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದರೆ ವೈರ್ ಒಂದು ಲಿವರ್ ಎಳೆದು ಅದೇ ಶೂಗಳನ್ನು ತಳ್ಳುತ್ತದೆ. ಹ್ಯಾಂಡ್ ಬ್ರೇಕಿಗೆ ಅಂತ ಬೇರೆ ಶೂ ಇಲ್ಲ. ಬಹಳ ಜನ ಬೇರೆ ಇದೆ ಅಂದುಕೊಂಡಿರುತ್ತಾರೆ.

ಹಾಗಾಗಿ ಹ್ಯಾಂಡ್ ಬ್ರೇಕ್ ಲೂಸ್ ಆಗಿದೆ ಅಂದರೆ ಹೆಚ್ಚಿನ ಸಲ ವೈರ್ ಉದ್ದ ಆಗಿರುವುದಿಲ್ಲ, ಶೂ ಸವೆದಿರುತ್ತದೆ. ಇಲ್ಲವೇ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿರುತ್ತದೆ. ಶೂ ಸವೆದ ಹಾಗೆ ಡ್ರಮ್ಮಿಗೂ ಶೂಗೂ ನಡುವೆ ಜಾಗ ಜಾಸ್ತಿ ಆಗಬಾರದು ಅಂತ ಈ ಅಡ್ಜಸ್ಟರ್ ಇಟ್ಟಿರುತ್ತಾರೆ. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಹ್ಯಾಂಡ್ ಬ್ರೇಕ್ ಬಿಟ್ಟಾಗ ಒಳಗಿನ ಲಿವರ್ ಪೂರ್ತಿ ಹಿಂದಕ್ಕೆ ಹೋಗಿ ಕೂರಬೇಕು. ಸವೆದ ಶೂ ಮೇಲೆ ವೈರ್ ಟೈಟ್ ಮಾಡಿದರೆ ಆ ಲಿವರ್ ಸದಾ ಸ್ವಲ್ಪ ಎಳೆದುಕೊಂಡೇ ಇರುತ್ತದೆ. ಅಡ್ಜಸ್ಟರ್ ಅಳತೆ ತಪ್ಪುತ್ತದೆ. ಕೈಗೆ ಹ್ಯಾಂಡ್ ಬ್ರೇಕ್ ಗಟ್ಟಿ ಅನಿಸುತ್ತದೆ, ಕಾಲಿಗೆ ಪೆಡಲ್ ಮಾತ್ರ ಕೆಳಗೆ ಕೆಳಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಶೂ ಡ್ರಮ್ಮಿಗೆ ಉಜ್ಜುತ್ತಲೇ ಓಡಿ ಚಕ್ರ ಕಾದು ವಾಸನೆ ಬರುತ್ತದೆ. ಮೈಲೇಜ್ ಕಡಿಮೆ ಆಯ್ತು ಅಂತ ಆಗ ಕಾರ್ಬ್ಯುರೇಟರ್ ಬಿಚ್ಚಿಸಲು ಹೋಗುತ್ತಾರೆ!

ಇನ್ನೂ ಬಿಟ್ಟರೆ ಲೈನಿಂಗ್, ಅಂದರೆ ಶೂ ಮೇಲಿನ ಉಜ್ಜುವ ಪದರ, ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗಿ ಡ್ರಮ್ಮಿನಲ್ಲಿ ಗೆರೆ ಬೀಳುತ್ತದೆ. ಶೂ ಸೆಟ್ಟಿಗೆ ಕೊಡುವ ದುಡ್ಡು ಎಷ್ಟು, ಡ್ರಮ್ಮಿಗೆ ಕೊಡುವ ದುಡ್ಡು ಎಷ್ಟು, ಒಮ್ಮೆ ಬಿಡಿ ಭಾಗಗಳ ಅಂಗಡಿಯಲ್ಲಿ ಕೇಳಿ ನೋಡಿ.

ಕಲಬುರಗಿ ಬಯಲು ಊರು. ಹ್ಯಾಂಡ್ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಗೊತ್ತಾಗುವ ಜಾಗವೇ ಇಲ್ಲಿ ಕಡಿಮೆ. ಗೇರಿನಲ್ಲಿ ನಿಲ್ಲಿಸಿ ಇಳಿದುಹೋದರೆ ಆಯ್ತು. ಡಿಕ್ಕಿಯಲ್ಲಿ ಶಹಾಬಾದ್ ಕಲ್ಲಿನ ತುಂಡು ಇಟ್ಟುಕೊಂಡು ತಿರುಗುವವರೂ ಇದ್ದಾರೆ, ಹೆಸರು ಹೇಳುವುದಿಲ್ಲ. ಓವರ್ ಬ್ರಿಡ್ಜಿನ ಏರಿನಲ್ಲಿ ಗಾಡಿಗಳು ಸಾಲಾಗಿ ನಿಂತಾಗ, ಇಲ್ಲವೇ ಯುಗಾದಿಗೆ ಶ್ರೀಶೈಲಕ್ಕೆ ಹೊರಟು ನಲ್ಲಮಲ ಘಾಟ್ ಹತ್ತುವಾಗ ಅಸಲಿ ವಿಷಯ ಗೊತ್ತಾಗುತ್ತದೆ. ಅಲ್ಲಿ ಗೊತ್ತಾಗುವುದಕ್ಕಿಂತ ಇಲ್ಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಮಣ್ಣಿನ ಮಾತೂ ಇದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಹೋದ ಗಾಡಿಯ ಹಿಂದಿನ ಚಕ್ರಕ್ಕೆ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ಡ್ರಮ್ಮಿನ ಅಂಚಿನ ಸಂದಿಯಿಂದ ಒಳಗೂ ಸೇರಿ, ಒಣಗಿದ ಮೇಲೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅಡ್ಜಸ್ಟರ್ ಅಲ್ಲಾಡದೆ ಕೂತುಬಿಡುವುದಕ್ಕೆ ಅಷ್ಟು ಸಾಕು. ನೀರಿನಲ್ಲಿ ಇಳಿದು ಬಂದ ಗಾಡಿಯನ್ನು ಹ್ಯಾಂಡ್ ಬ್ರೇಕ್ ಎಳೆದು ನಾಲ್ಕಾರು ದಿನ ಹಾಗೇ ಬಿಟ್ಟರೆ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುವುದೂ ಉಂಟು. ಅಂಥ ಸಮಯದಲ್ಲಿ ಗೇರಿನಲ್ಲಿ ಹಾಕಿ, ಚಕ್ರಕ್ಕೆ ಅಡ್ಡ ಏನಾದರೂ ಇಟ್ಟು ನಿಲ್ಲಿಸಿ. (ಆ ಶಹಾಬಾದ್ ಕಲ್ಲಿಗೆ ಇದೇ ಸರಿಯಾದ ಕೆಲಸ.)

ಇನ್ನು ಮುಂದೆ ಹ್ಯಾಂಡ್ ಬ್ರೇಕ್ ಅಂತ ಬಂದರೆ ಎರಡೂ ಹಿಂದಿನ ಡ್ರಮ್ ಬಿಚ್ಚುತ್ತೇವೆ. ಲೈನಿಂಗ್ ದಪ್ಪ ಅಳೆಯುತ್ತೇವೆ. ಬಹಳಷ್ಟು ಚಿಕ್ಕ ಕಾರುಗಳಿಗೆ 1 ಮಿ.ಮೀ. ಕೊನೆಯ ಮಿತಿ. ನಾವು ಅಲ್ಲಿಯವರೆಗೆ ಕಾಯುವುದಿಲ್ಲ, 2ರ ಹತ್ತಿರ ಬಂದರೆ ಬದಲಾಯಿಸಿ ಅಂತಲೇ ಹೇಳುತ್ತೇವೆ. ಡ್ರಮ್ಮಿನ ಒಳ ಅಳತೆಯನ್ನೂ ನೋಡುತ್ತೇವೆ. ಎಷ್ಟು ಸವೆಯಬಹುದು ಅನ್ನುವ ಮಿತಿಯನ್ನು ಹೆಚ್ಚಿನ ಡ್ರಮ್ಮುಗಳ ಮೇಲೇ ಎರಕ ಹೊಯ್ದಿರುತ್ತಾರೆ. ಅದು ಸಾಮಾನ್ಯವಾಗಿ ಹೊಸದರ ಅಳತೆಗಿಂತ 1-2 ಮಿ.ಮೀ. ಜಾಸ್ತಿ ಇರುತ್ತದೆ, ಅಷ್ಟೆ. ಅದನ್ನು ದಾಟಿದ ಡ್ರಮ್ಮನ್ನು ಲೇತಿಗೆ ಹಾಕಿಸಿ ಕೊಡಿ ಅಂದರೆ ನಾವು ಕೊಡುವುದಿಲ್ಲ. ವೀಲ್ ಸಿಲಿಂಡರಿನ ರಬ್ಬರ್ ಸರಿಸಿ ನೋಡುತ್ತೇವೆ. ಒಳಗೆ ಆಯಿಲ್ ಸೋರಿದ್ದರೆ ಸಿಲಿಂಡರಿನ ಕೆಲಸವೂ ಆಗಲೇಬೇಕು. ಆಯಿಲ್ ಕುಡಿದ ಶೂ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಪೆಟ್ರೋಲಿನಲ್ಲಿ ತೊಳೆದು, ಸ್ಯಾಂಡ್ ಪೇಪರ್ ಉಜ್ಜಿ ಹಾಕಿ ಅಂತ ಕೇಳಬೇಡಿ.

ಶೂ ಬದಲಾಯಿಸಿದರೆ ಎರಡೂ ಕಡೆ ಒಟ್ಟಿಗೇ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕಾದು ಕಾದು ಬಿಗಿ ಕಳೆದುಕೊಂಡ ರಿಟರ್ನ್ ಸ್ಪ್ರಿಂಗುಗಳನ್ನೂ (ಶೂಗಳನ್ನು ವಾಪಸ್ ಎಳೆಯುವ ಸ್ಪ್ರಿಂಗು) ಅದೇ ಸಲ ಬದಲಾಯಿಸುತ್ತೇವೆ. ಮೊದಲು ಶೂ ಅಡ್ಜಸ್ಟ್ ಆಗಬೇಕು, ಪೆಡಲ್ ಮೇಲೆ ಬರಬೇಕು, ವೈರಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಇಷ್ಟಾದ ಮೇಲೆ ಸಾಮಾನ್ಯವಾಗಿ ಐದಾರು ‘ಕಟ್ ಕಟ್’ಗೆ ಹ್ಯಾಂಡ್ ಬ್ರೇಕ್ ಹಿಡಿಯುತ್ತದೆ. ಎಳೆಗಳು ಬಿಟ್ಟ ವೈರ್, ಕವಚದೊಳಗೆ ತುಕ್ಕು ಹಿಡಿದು ಹಿಂದಕ್ಕೆ ಬಾರದ ವೈರ್ ಆದರೆ ಹೊಸದೇ ಹಾಕಬೇಕು.

ಬ್ರೇಕ್ ಆಯಿಲ್ ಬಗ್ಗೆ ಚಿಕ್ಕ ಮಾತು. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ತೇವ ಕುಡಿದ ಮೇಲೆ ಅದು 140ರ ಹತ್ತಿರಕ್ಕೆ ಇಳಿಯಬಹುದು. ಘಾಟ್ ಇಳಿಯುವಾಗ ಆಯಿಲ್ ಕುದ್ದು ಗುಳ್ಳೆಯಾದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು.

ಇನ್ನೊಂದು ಬದಲಾವಣೆ ನಮ್ಮ ಹುಡುಗರ ಸಲುವಾಗಿ. ಡ್ರಮ್ ಬಿಚ್ಚಿದ ಕೂಡಲೇ ಏರ್ ಹೊಡೆದು ಧೂಳು ಹಾರಿಸುವುದು ಬಂದ್. ಹಳೆ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು, ಅದೇ ಆಸ್‌ಬೆಸ್ಟಾಸ್. ನೋಡಿದರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆ ಧೂಳು ಎದೆಗೆ ಹೋದರೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಇದೆ. ಇನ್ನು ಒದ್ದೆ ಮಾಡಿಯೇ ತೊಳೆಯುತ್ತೇವೆ. ಅದಕ್ಕೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ದಯವಿಟ್ಟು ಆ ಹೊತ್ತಿನಲ್ಲಿ ಮುಂದಿನ ಕಟ್ಟೆಯ ಮೇಲೆ ಕೂತಿರಿ.

ದುಡ್ಡಿನ ಮಾತು. ಡ್ರಮ್ ಬಿಚ್ಚಿ ನೋಡುವುದಕ್ಕೆ ಮಜೂರಿ ತಗೊಳ್ಳುತ್ತೇವೆ, ರೇಟು ಬೋರ್ಡಿನ ಮೇಲಿದೆ. ಶೂ ಬದಲಾಯಿಸಿದರೆ ಈ ಮಜೂರಿ ಆ ಕೆಲಸದ ಮಜೂರಿಯಲ್ಲೇ ಸೇರುತ್ತದೆ, ಎರಡು ಸಲ ಕೊಡಬೇಕಾಗಿಲ್ಲ. ಒಳಗೆ ಏನು ಸಿಕ್ಕಿತು ಅಂತ ಫೋನ್ ಮಾಡಿ ಹೇಳಿ, ನೀವು ಹೂಂ ಅಂದ ಮೇಲೆಯೇ ಸಾಮಾನು ತರುತ್ತೇವೆ. ತೆಗೆದ ಹಳೆ ಸಾಮಾನು ನಿಮಗೇ ತೋರಿಸುತ್ತೇವೆ. ಬೇಡ ಅಂದರೆ ಬಿಚ್ಚಿದ ಮಜೂರಿ ಕೊಟ್ಟು ಗಾಡಿ ಒಯ್ಯಬಹುದು. ಆದರೆ ಲೈನಿಂಗ್ ಮುಗಿದಿದ್ದರೆ, ಆಯಿಲ್ ಸೋರುತ್ತಿದ್ದರೆ ಬಿಲ್ಲಿನ ಮೇಲೆ ಹಾಗಂತ ಬರೆದೇ ಕೊಡುತ್ತೇವೆ.

ನಮ್ಮಲ್ಲೇ ಇತ್ತೀಚೆಗೆ ಶೂ ಹಾಕಿಸಿದವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಹೊಸ ವೈರ್ ಮೊದಮೊದಲು ಸ್ವಲ್ಪ ಎಳೆದುಕೊಳ್ಳುವುದು ಸಹಜ. ಬಿಲ್ ತನ್ನಿ, ಸುಮ್ನೆ ಟೈಟ್ ಮಾಡಿಕೊಡುತ್ತೇವೆ.

ಬ್ರೇಕ್ ಕೆಲಸದ ಗಾಡಿಗಳನ್ನು ಬೆಳಿಗ್ಗೆ ಹತ್ತರೊಳಗೆ ಬಿಡಿ, ಸಾಮಾನು ಸಿಕ್ಕರೆ ಸಂಜೆಗೆ ಕೊಡುತ್ತೇವೆ. ಅಂಬಾಸಿಡರ್ ಇರುವವರು ಮೊದಲೇ ಒಂದು ಫೋನ್ ಮಾಡಿ. ಆ ಗಾಡಿ ತಯಾರಾಗುವುದು 2014ರಲ್ಲೇ ನಿಂತಿದೆ, ಸಾಮಾನು ಹುಡುಕಲು ಒಂದೆರಡು ದಿನ ಬೇಕಾಗುತ್ತದೆ. ಭಾನುವಾರ ಎಂದಿನಂತೆ ರಜೆ.

ಇಂತಿ,
ನಿಮ್ಮ ಗ್ಯಾರೇಜಿನವರು
ಕಲಬುರಗಿ